ಓಲೆ ಎವಿನ್ರೂಡ್

ನೀರಿನ ಮೇಲೆ ಮನುಷ್ಯ ನಡೆಸಿದ ದುಡಿಮೆಗಳಲ್ಲೆಲ್ಲ ಹುಟ್ಟು ಹಾಕುವುದು ಅತ್ಯಂತ ಹಳೆಯದು. ಗಾಳಿ ಬೀಸಿದಾಗ ಹಾಯಿ ನೆರವಿಗೆ ಬರುತ್ತಿತ್ತು. ಗಾಳಿ ನಿಂತರೆ ತೋಳೇ ಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಉಗಿಯಂತ್ರ ಬಂದು ಹಡಗುಗಳ ಕಷ್ಟವನ್ನು ನೀಗಿಸಿತು. ಆದರೆ ಬೆಸ್ತನ ಸಣ್ಣ ದೋಣಿಗೆ ಉಗಿಯಂತ್ರ ಹೊಂದುವಂಥದಲ್ಲ. ಬಾಯ್ಲರು, ಕಲ್ಲಿದ್ದಲು, ನೀರು ಇವುಗಳ ಭಾರಕ್ಕೇ ದೋಣಿ ಮುಳುಗೀತು. ದೊಡ್ಡವರ ಹಡಗು ಸಾಗರವನ್ನು ಒಂದು ವಾರದಲ್ಲಿ ದಾಟುತ್ತಿದ್ದ ಕಾಲದಲ್ಲಿಯೂ ಬಡವನ ದೋಣಿ ಹುಟ್ಟಿನ ಆಸರೆಯಲ್ಲಿಯೇ ಇತ್ತು. ಆ ದೋಣಿಯ ಹಿಂಬದಿಗೆ ಸಿಕ್ಕಿಸಿ, ಬೇಡವಾದಾಗ ಕಳಚಿ, ಕೈಯಲ್ಲಿ ಹಿಡಿದು ಮನೆಗೆ ಒಯ್ಯಬಹುದಾದ ಯಂತ್ರವೊಂದನ್ನು ಜನಸಾಮಾನ್ಯರಿಗೆ ದೊರಕಿಸಿಕೊಟ್ಟವನು ಓಲೆ ಎವಿನ್ರೂಡ್. ಇದಕ್ಕೆ ಔಟ್‌ಬೋರ್ಡ್ ಮೋಟಾರು ಎಂದು ಹೆಸರು.

ಓಲೆ ಜನಿಸಿದುದು 1877ರ ಏಪ್ರಿಲ್ 19ರಂದು, ನಾರ್ವೆ ದೇಶದ ಗ್ಯೋವಿಕ್ ಪಟ್ಟಣದ ಸಮೀಪದಲ್ಲಿ. ತಂದೆ ಆಂಡ್ರಿಯಾಸ್ ಕೃಷಿಕ. ಆ ಕಾಲದಲ್ಲಿ ನಾರ್ವೆಯ ಸಣ್ಣ ರೈತರಿಗೆ ತಮ್ಮ ನೆಲದಲ್ಲಿ ಹೊಟ್ಟೆ ತುಂಬುವುದು ಕಷ್ಟವಾಗಿತ್ತು. ಸಾವಿರಾರು ಕುಟುಂಬಗಳು ಊರು ಬಿಟ್ಟು ಅಮೆರಿಕಕ್ಕೆ ಹೊರಟವು. ಓಲೆಗೆ ಸುಮಾರು ಐದು ವರ್ಷವಾಗಿದ್ದಾಗ ಆಂಡ್ರಿಯಾಸನ ಕುಟುಂಬವೂ ಅದೇ ದಾರಿ ಹಿಡಿಯಿತು. ಹಡಗಿನ ಪ್ರಯಾಣದಲ್ಲಿ ಬಾಲಕ ಪದೇ ಪದೇ ಕಾಣೆಯಾಗುತ್ತಿದ್ದನೆಂದೂ, ಹುಡುಕಿದವರಿಗೆ ಅವನು ಸಿಕ್ಕುತ್ತಿದ್ದುದು ಯಂತ್ರದ ಕೋಣೆಯಲ್ಲೆಂದೂ ಹೇಳುವುದುಂಟು. ದೊಡ್ಡವರಾದ ಮೇಲೆ ಹೆಸರು ಗಳಿಸಿದವರ ಬಾಲ್ಯದ ಬಗೆಗೆ ಇಂಥ ಕಥೆಗಳು ತಾವಾಗಿ ಹುಟ್ಟಿಕೊಳ್ಳುತ್ತವೆ. ಆದರೂ ಅವನ ಮುಂದಿನ ಜೀವನವನ್ನು ನೋಡಿದರೆ ಇದನ್ನು ನಂಬಲು ಅಡ್ಡಿಯೇನೂ ಇಲ್ಲ.

ಕುಟುಂಬ ನೆಲೆಯೂರಿದುದು ವಿಸ್ಕಾನ್ಸಿನ್ ಪ್ರಾಂತ್ಯದ ಕೇಂಬ್ರಿಜ್ ಎಂಬ ಊರಿನ ಬಳಿ. ಅಲ್ಲಿ ರಿಪ್ಲೆ ಎಂಬ ಸರೋವರವಿದೆ. ಹೊಲದ ಕೆಲಸಕ್ಕೆ ಆಳುಗಳು ಸಾಲದ ಕಾರಣ ಓಲೆಯ ಶಾಲೆಯ ಓದು ಬಹು ಬೇಗ ನಿಂತುಹೋಯಿತು. ತಂದೆಗೆ ಮಗ ತನ್ನಂತೆ ರೈತನಾಗಲಿ ಎಂಬ ಆಸೆ. ಮಗನ ಮನಸ್ಸೋ ನೀರಿನ ಕಡೆಗೆ. ಹದಿನೈದು ಹದಿನಾರರ ವಯಸ್ಸಿನಲ್ಲಿ ಅವನು ಕೊಟ್ಟಿಗೆಯಲ್ಲಿ ಗುಟ್ಟಾಗಿ ಹಾಯಿದೋಣಿಯೊಂದನ್ನು ಕಟ್ಟತೊಡಗಿದ. ತಂದೆ ಅದನ್ನು ಕಂಡು ಸಿಟ್ಟಿನಿಂದ ಒಡೆದು ಸೌದೆ ಮಾಡಿಬಿಟ್ಟನಂತೆ. ಹುಡುಗ ಅಳುತ್ತ ಕೂರಲಿಲ್ಲ, ಎದುರುತ್ತರವನ್ನೂ ಕೊಡಲಿಲ್ಲ. ತಂದೆಯ ಕಣ್ಣಿಗೆ ಬೀಳದಂತೆ ಇನ್ನೊಂದು ದೋಣಿಯನ್ನು ಮೊದಲಿನಿಂದ ಕಟ್ಟಿ, ರಿಪ್ಲೆ ಸರೋವರದಲ್ಲಿ ತೇಲಿಬಿಟ್ಟನು. ಅದು ನೀರಿನ ಮೇಲೆ ಸೊಗಸಾಗಿ ಸಾಗುವುದನ್ನು ನೋಡಿದ ಮೇಲೆ ತಂದೆಯ ಹಟ ಸಡಿಲವಾಯಿತು. ಮಗನನ್ನು ನೇಗಿಲಿಗೆ ಕಟ್ಟಿಹಾಕುವುದು ಆಗದ ಮಾತೆಂದು ಆತನಿಗೆ ಅರಿವಾಗಿರಬೇಕು.

ಹದಿನಾರನೆಯ ವಯಸ್ಸಿನಲ್ಲಿ ಓಲೆ ಮನೆ ಬಿಟ್ಟು ಮ್ಯಾಡಿಸನ್ ನಗರಕ್ಕೆ ಹೋದನು. ಹಗಲು ಬೇಸಾಯದ ಯಂತ್ರಗಳ ಅಂಗಡಿಯಲ್ಲಿ ದುಡಿಮೆ, ರಾತ್ರಿ ಗಣಿತ ಮತ್ತು ಯಂತ್ರಶಾಸ್ತ್ರದ ಪುಸ್ತಕಗಳ ಓದು. ಗುರುವಿಲ್ಲದೆ ಕಲಿತ ವಿದ್ಯೆ ಅದು. ಮುಂದೆ ಪಿಟ್ಸ್‌ಬರ್ಗ್, ಷಿಕಾಗೊ ಮುಂತಾದ ನಗರಗಳ ಕಾರ್ಖಾನೆಗಳಲ್ಲಿ ಉಕ್ಕಿನ ಕೆಲಸ, ಲೇತಿನ ಕೆಲಸ, ಬಿಡಿಭಾಗಗಳನ್ನು ಜೋಡಿಸುವ ಕೆಲಸ ಎಲ್ಲವನ್ನೂ ಮಾಡಿ ಮಿಲ್ವಾಕಿ ನಗರಕ್ಕೆ ಬಂದು ನಿಂತನು. ಅಲ್ಲಿ ಅವನಿಗೆ ದೊರೆತುದು ಮಾದರಿಕಾರನ ಉದ್ಯೋಗ. ಲೋಹವನ್ನು ಕರಗಿಸಿ ಎರಕ ಹೊಯ್ಯುವ ಮೊದಲು ಆ ವಸ್ತುವಿನ ಆಕಾರವನ್ನು ಮರದಲ್ಲಿ ಕೆತ್ತಬೇಕು; ಆ ಮರದ ಮಾದರಿಯನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಬೇಕು. ಮಾದರಿಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಎರಕದಲ್ಲಿ ಅದು ಎದ್ದು ಕಾಣುತ್ತದೆ. ಬಡಗಿಯ ಕೈಯೂ ಎಂಜಿನಿಯರನ ಕಣ್ಣೂ ಒಂದೆಡೆ ಸೇರಬೇಕಾದ ಕಸುಬು ಇದು. ಓಲೆ ಇದರಲ್ಲಿ ನುರಿತವನಾದನು.

ಅದು ಪೆಟ್ರೋಲಿನಿಂದ ನಡೆಯುವ ಎಂಜಿನ್ನು ಹೊಸದಾಗಿ ಬಂದಿದ್ದ ಕಾಲ. 1900ರ ಸುಮಾರಿಗೆ ಓಲೆ ಪಾಲುಗಾರನೊಬ್ಬನೊಡನೆ ಎಂಜಿನ್ನುಗಳನ್ನು ತಯಾರಿಸುವ ಸಣ್ಣ ಉದ್ಯಮವನ್ನು ತೆರೆದನು. ಅದು ನಿಲ್ಲಲಿಲ್ಲ. ಮತ್ತೊಂದನ್ನು ತೆರೆದನು, ಅದೂ ಕೈಹಿಡಿಯಲಿಲ್ಲ. ಅವನಿಗೆ ಎಂಜಿನ್ನಿನ ಮರ್ಮ ತಿಳಿದಿತ್ತು, ಲೆಕ್ಕಪತ್ರದ ಮರ್ಮ ತಿಳಿದಿರಲಿಲ್ಲ. ಈ ಕೊರತೆಯನ್ನು ತುಂಬಿದವಳು ನೆರೆಯಲ್ಲಿಯೇ ವಾಸವಾಗಿದ್ದ ಬೆಸ್ ಕೇರಿ ಎಂಬ ತರುಣಿ. ಆಕೆ ವಾಣಿಜ್ಯ ವಿದ್ಯೆಯನ್ನು ಕಲಿಯುತ್ತಿದ್ದಳು. ಓಲೆಯ ಪತ್ರವ್ಯವಹಾರವನ್ನು ತಾನಾಗಿ ವಹಿಸಿಕೊಂಡಳು. 1906ರಲ್ಲಿ ಅವರಿಬ್ಬರ ವಿವಾಹವಾಯಿತು.

ಆ ದಿನಗಳಲ್ಲಿ ನಡೆದ ಒಂದು ಪ್ರಸಂಗವನ್ನು ಎವಿನ್ರೂಡನ ಹೆಸರಿನೊಡನೆ ಎಲ್ಲರೂ ನೆನೆಯುತ್ತಾರೆ. ಬೇಸಿಗೆಯ ಒಂದು ಭಾನುವಾರ ಗೆಳೆಯರೆಲ್ಲ ಮಿಲ್ವಾಕಿಯ ಪಶ್ಚಿಮಕ್ಕಿರುವ ಒಕಾಚಿ ಸರೋವರದ ದ್ವೀಪವೊಂದಕ್ಕೆ ವನಭೋಜನಕ್ಕೆಂದು ಹೋಗಿದ್ದರು. ಬಿಸಿಲು ಸುಡುತ್ತಿತ್ತು. ಬೆಸ್ ಐಸ್‌ಕ್ರೀಮ್ ಬಯಸಿದಳು. ಓಲೆ ದೋಣಿಯೇರಿ ಎರಡೂವರೆ ಮೈಲಿ ಹುಟ್ಟು ಹಾಕಿ ದಡ ಸೇರಿ, ಐಸ್‌ಕ್ರೀಮ್ ಕೊಂಡು ಮತ್ತೆ ಅಷ್ಟೇ ದೂರ ಹುಟ್ಟು ಹಾಕಿದನು. ಅವನು ದ್ವೀಪ ತಲಪುವ ವೇಳೆಗೆ ಐಸ್‌ಕ್ರೀಮ್ ನೀರಾಗಿತ್ತು. ಅವನ ಅಂಗೈ ಬೊಬ್ಬೆಯೆದ್ದಿರಲೂ ಸಾಕು. ಗಾಡಿಗೆ ಎಂಜಿನ್ನು ಬಂದಿರುವಾಗ ದೋಣಿಗೇಕೆ ಬಾರದು ಎಂಬ ಯೋಚನೆ ಅಂದಿನಿಂದ ಅವನ ತಲೆಯಲ್ಲಿ ಬೇರೂರಿತು.

ಇಂಥ ಯಂತ್ರದ ಯೋಚನೆ ಹೊಳೆದವರಲ್ಲಿ ಎವಿನ್ರೂಡನೇ ಮೊದಲಿಗನಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿಯೇ ಅಮೆರಿಕದಲ್ಲಿ ಕೆಲವರು ಇದನ್ನು ಮಾಡಿನೋಡಿದ್ದರು. ಕ್ಯಾಮರಾನ್ ವಾಟರ್‌ಮನ್ ಎಂಬವನು ಎವಿನ್ರೂಡನಿಗಿಂತ ಮೊದಲೇ ಇಂಥ ಮೋಟಾರನ್ನು ತಯಾರಿಸಿ ಮಾರಿದ್ದನು. ಆದರೆ ಸಾಮಾನ್ಯ ಜನ ನಂಬಿ ಕೊಂಡು, ದಿನನಿತ್ಯ ಬಳಸಿ, ನೆರೆಯವನಿಗೂ ಕೊಳ್ಳೆಂದು ಹೇಳುವಂಥ ಯಂತ್ರವಾಗಿ ಅದು ರೂಪುಗೊಂಡುದು ಎವಿನ್ರೂಡನ ಕೈಯಲ್ಲಿ.

1907ರಲ್ಲಿ ಅವನು ಮೊದಲ ಮಾದರಿಯನ್ನು ತಯಾರಿಸಿದನು. ಅದನ್ನು ಕಂಡ ಬೆಸ್‌ಗೆ ಕಾಫಿ ಬೀಜ ಅರೆಯುವ ಯಂತ್ರದ ನೆನಪಾಯಿತಂತೆ. ಅವನು ಬೇಸರಿಸದೆ ತಿದ್ದುತ್ತ ಹೋದನು. 1909ರ ವೇಳೆಗೆ ಮೋಟಾರು ಒಂದು ನೆಲೆಗೆ ಬಂತು. ಅದರ ರಚನೆ ಹೀಗಿತ್ತು: ಮೇಲುಗಡೆ ಒಂದೇ ಸಿಲಿಂಡರು, ಅಡ್ಡವಾಗಿ ಮಲಗಿಸಿದ್ದು, ಅದರ ಪಿಸ್ಟನ್ನು ನೆಟ್ಟಗೆ ನಿಂತ ದಂಡವೊಂದನ್ನು ತಿರುಗಿಸುತ್ತದೆ, ದಂಡ ನೀರಿನೊಳಕ್ಕೆ ಇಳಿಯುತ್ತದೆ, ಅದರ ತುದಿಯಲ್ಲಿ ಓರೆಹಲ್ಲಿನ ಚಕ್ರಗಳಿದ್ದು, ನಿಂತ ದಂಡದ ತಿರುಗುವಿಕೆಯನ್ನು ಅಡ್ಡ ದಂಡಕ್ಕೆ ವರ್ಗಾಯಿಸುತ್ತವೆ, ಅಡ್ಡ ದಂಡದ ಕೊನೆಯಲ್ಲಿ ನೀರನ್ನು ಹಿಂದಕ್ಕೆ ನೂಕುವ ಪ್ರೊಪೆಲ್ಲರು. ಇಡೀ ಮೋಟಾರಿನ ತೂಕ 62 ಪೌಂಡು, ಅಂದರೆ ಸುಮಾರು 28 ಕಿಲೋಗ್ರಾಂ. ಶಕ್ತಿ ಒಂದೂವರೆ ಅಶ್ವಶಕ್ತಿ. ಬೆಲೆ 62 ಡಾಲರು. ಒಬ್ಬ ಗೆಳೆಯ ಅದನ್ನು ಒಂದು ದಿನದ ಮಟ್ಟಿಗೆ ಕಡವಾಗಿ ಒಯ್ದು ಸರೋವರದಲ್ಲಿ ಓಡಿಸಿ, ಮರಳಿ ಬರುವಾಗ ಹತ್ತು ಮೋಟಾರುಗಳಿಗೆ ಬೇಡಿಕೆಯನ್ನೂ ಮುಂಗಡ ಹಣವನ್ನೂ ತಂದನು. 1911ರಲ್ಲಿ ಓಲೆಗೆ ಈ ರಚನೆಗಾಗಿ ಪೇಟೆಂಟು ದೊರೆಯಿತು.

ಈ ಯಂತ್ರದ ಗುಟ್ಟೆಲ್ಲ ಇದ್ದುದು ಅದರ ಸರಳತೆಯಲ್ಲಿ. ಅದರ ತೊಡಕೂ ಅಲ್ಲಿಯೇ ಇತ್ತು. ಎರಡು ಹೊಡೆತದ ಎಂಜಿನ್ನು ಅದು. ಪಿಸ್ಟನ್ನು ಸಿಲಿಂಡರಿನ ತಲೆಯ ಕಡೆಗೆ ಸರಿದಾಗ ಅದರ ಹಿಂದಿನ ಪೆಟ್ಟಿಗೆಯಲ್ಲಿ ಗಾಳಿಯ ಒತ್ತಡ ತಗ್ಗಿ, ಪೆಟ್ರೋಲು ಬೆರೆತ ಗಾಳಿ ಒಳಕ್ಕೆ ಸೆಳೆಯಲ್ಪಡುತ್ತದೆ. ಪಿಸ್ಟನ್ನು ಮರಳಿದಾಗ ಆ ಮಿಶ್ರಣ ಒತ್ತಲ್ಪಟ್ಟು ಸಿಲಿಂಡರಿಗೆ ನುಗ್ಗುತ್ತದೆ. ಅಲ್ಲಿ ಕಿಡಿ ಹಾರಿ ಉರಿಯುತ್ತದೆ. ಮಿಶ್ರಣವೇ ಹಾದುಹೋಗುವ ಆ ಪೆಟ್ಟಿಗೆಯಲ್ಲಿ ಕೀಲೆಣ್ಣೆಯನ್ನು ತುಂಬಿಡುವಂತಿಲ್ಲ. ಆದುದರಿಂದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಕಲಸಬೇಕು. ಒಂದು ಪಾಲು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ತೂಕದಲ್ಲಿ ಸುಮಾರು 15 ಪಾಲು ಗಾಳಿ ಬೇಕು. ಈ ಹದವನ್ನು ಕಾಯುವ ಅಂಗಕ್ಕೆ ಕಾರ್ಬುರೇಟರ್ ಎಂದು ಹೆಸರು. ಅದರೊಳಗಿನ ರಂಧ್ರ ಸೂಜಿಯ ಮೊನೆಯಷ್ಟು ಕಿರಿದು. ಅಷ್ಟು ಸಣ್ಣ ದಾರಿಗೆ ಒಂದು ಕಸದ ಕಣ ಅಡ್ಡಬಂದರೆ ಸಾಕು, ನಡುನೀರಿನಲ್ಲಿ ಮೋಟಾರು ನಿಂತುಬಿಡುತ್ತದೆ.

ರಸ್ತೆಯಲ್ಲಿ ನಿಂತ ಗಾಡಿಯನ್ನು ತಳ್ಳಿಕೊಂಡು ಹೋಗಬಹುದು. ನೀರಿನಲ್ಲಿ ನಿಂತ ದೋಣಿಯನ್ನು ಗಾಳಿ ಎತ್ತಲಾದರೂ ಕೊಂಡೊಯ್ದೀತು. ಹೀಗಾಗಿ ಔಟ್‌ಬೋರ್ಡ್ ಮೋಟಾರನ್ನು ನಡೆಸುವವನು ಇಂಧನದ ದಾರಿಯನ್ನು ತೊಟ್ಟಿಯಿಂದ ಸಿಲಿಂಡರಿನವರೆಗೆ ಮನಸ್ಸಿನಲ್ಲಿಯೇ ನಡೆದು ನೋಡಬಲ್ಲವನಾಗಿರಬೇಕು. ಕಿಡಿಯ ದೋಷವಿದ್ದರೆ ಎಂಜಿನ್ನು ಸಾಮಾನ್ಯವಾಗಿ ದೀಪ ಆರಿದಂತೆ ಒಮ್ಮೆಗೇ ನಿಲ್ಲುತ್ತದೆ. ಇಂಧನದ ದೋಷವಿದ್ದರೆ ಕೆಮ್ಮುತ್ತ, ತಡವರಿಸುತ್ತ, ಸೊರಗಿ ನಿಲ್ಲುತ್ತದೆ. ಕಿಡಿಯ ಪ್ಲಗ್ಗನ್ನು ಬಿಚ್ಚಿ ನೋಡಿದಾಗ ಅದು ಒಣಗಿದ್ದರೆ ಪೆಟ್ರೋಲು ಅಲ್ಲಿಯವರೆಗೆ ಬಂದೇ ಇಲ್ಲ; ನೆನೆದಿದ್ದರೆ ಪೆಟ್ರೋಲು ಬಂದಿದೆ, ದೋಷವನ್ನು ಬೇರೆಡೆ ಹುಡುಕಬೇಕು.

ದಾರಿಯ ಮೊದಲ ಮೆಟ್ಟಿಲು ಇಂಧನದ ತೊಟ್ಟಿ. ಮೊದಮೊದಲಿನ ಮೋಟಾರುಗಳಲ್ಲಿ ತೊಟ್ಟಿ ಯಂತ್ರಕ್ಕೇ ಅಂಟಿಕೊಂಡಿದ್ದು, ಪೆಟ್ರೋಲು ತನ್ನ ಭಾರದಿಂದಲೇ ಕೆಳಗಿಳಿಯುತ್ತಿತ್ತು. ಅದರ ಮುಚ್ಚಳದಲ್ಲಿ ಗಾಳಿಯಾಡಲು ಒಂದು ಸಣ್ಣ ತೂತಿರುತ್ತದೆ. ಎಣ್ಣೆಯ ಡಬ್ಬಕ್ಕೆ ಒಂದೇ ತೂತು ಕೊರೆದರೆ ಎಣ್ಣೆ ಧಾರೆಯಾಗಿ ಬೀಳುವುದಿಲ್ಲ. ಎದುರು ಮೂಲೆಯಲ್ಲಿ ಇನ್ನೊಂದನ್ನು ಕೊರೆದಾಗಲೇ ಸುರಿಯುತ್ತದೆ. ಇದನ್ನು ಅಂಗಡಿಯವರೆಲ್ಲ ಬಲ್ಲರು. ಮುಚ್ಚಳದ ತೂತು ಮುಚ್ಚಿಹೋದರೆ ಮೋಟಾರು ಹತ್ತಾರು ನಿಮಿಷ ಚೆನ್ನಾಗಿಯೇ ಓಡುತ್ತದೆ. ಬಳಿಕ ತೊಟ್ಟಿಯೊಳಗೆ ಒತ್ತಡ ತಗ್ಗಿ ಪೆಟ್ರೋಲು ಇಳಿಯದೆ ನಿಲ್ಲುತ್ತದೆ. ಗಾಬರಿಗೊಂಡ ದೋಣಿಯವನು ತೊಟ್ಟಿ ಬರಿದಾಯಿತೇ ಎಂದು ಮುಚ್ಚಳ ತೆರೆದು ನೋಡುತ್ತಾನೆ. ಆಗ ಗಾಳಿ ಒಳಹೊಕ್ಕು ಮೋಟಾರು ಮತ್ತೆ ಹೊರಡುತ್ತದೆ. ಮುಚ್ಚಳ ಹಾಕಿ ಸ್ವಲ್ಪ ದೂರ ಹೋಗುವಷ್ಟರಲ್ಲಿ ಮತ್ತೆ ನಿಲ್ಲುತ್ತದೆ. ಕಾರಣ ತಿಳಿಯದವನಿಗೆ ಇದು ದೆವ್ವದ ಚೇಷ್ಟೆಯಂತೆಯೇ ತೋರುತ್ತದೆ.

ಎರಡನೆಯ ಶತ್ರು ನೀರು. ರಾತ್ರಿಯ ತಂಪಿನಲ್ಲಿ ಅರೆದುಂಬಿದ ತೊಟ್ಟಿಯ ಒಳಮೈಗೆ ಹನಿಗಟ್ಟಿದ ತೇವ ಕೆಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳ ಸೇರುತ್ತದೆ. ಇಂಧನದ ನಳಿಗೆ ಹೀರುವುದು ತಳದಿಂದಲೇ. ಮೂರನೆಯದು ಹಳಸಿದ ಪೆಟ್ರೋಲು. ತಿಂಗಳುಗಟ್ಟಲೆ ನಿಂತ ಪೆಟ್ರೋಲಿನ ಹಗುರವಾದ ಭಾಗ ಆವಿಯಾಗಿ ಹೋಗಿ, ಉಳಿದುದು ಅರಗಿನಂತೆ ಅಂಟಾಗಿ ಕಾರ್ಬುರೇಟರಿನ ರಂಧ್ರವನ್ನು ಕಟ್ಟುತ್ತದೆ. ಎಂಜಿನ್ನಿನ ಪೆಟ್ಟಿಗೆಯ ಬೆಸುಗೆಯಲ್ಲಿ ಬಿರುಕಿದ್ದರೆ ಅಲ್ಲಿಂದ ಬರಿಯ ಗಾಳಿ ನುಸುಳಿ ಹೀರುವ ಬಲವನ್ನೇ ಕುಂದಿಸುತ್ತದೆ. ಎರಡನೆಯ ಮಹಾಯುದ್ಧದ ನಂತರ ತೊಟ್ಟಿಯನ್ನು ಬೇರೆಯಾಗಿ ದೋಣಿಯ ತಳದಲ್ಲಿಟ್ಟು, ರಬ್ಬರು ಕೊಳವೆಯಿಂದ ಮೋಟಾರಿಗೆ ಜೋಡಿಸುವ ಏರ್ಪಾಡು ಬಂತು. ಕೊಳವೆಯ ನಡುವೆ ಕೈಯಲ್ಲಿ ಹಿಸುಕುವ ರಬ್ಬರು ಗುಂಡೊಂದನ್ನು ಅಳವಡಿಸಿದರು. ಹಿಸುಕಿದಾಗ ಗುಂಡು ಗಟ್ಟಿಯಾದರೆ ಪೆಟ್ರೋಲು ಮುಂದಕ್ಕೆ ತಲಪಿದೆ. ಎಷ್ಟು ಹಿಸುಕಿದರೂ ಮೆತ್ತಗೇ ಇದ್ದರೆ ಎಲ್ಲಿಯೋ ಗಾಳಿ ಸೋರುತ್ತಿದೆ ಅಥವಾ ತೊಟ್ಟಿ ಬರಿದಾಗಿದೆ. ಕನ್ನಡನಾಡಿನ ಕರಾವಳಿಯಲ್ಲಿ ನಾಡದೋಣಿಗಳಿಗೆ ಕಟ್ಟುವ ಸೀಮೆಎಣ್ಣೆಯ ಮೋಟಾರುಗಳಿಗೆ ಇನ್ನೂ ಒಂದು ಜಾಗರೂಕತೆ ಬೇಕು. ಸೀಮೆಎಣ್ಣೆ ತಣ್ಣಗಿನ ಎಂಜಿನ್ನಿನಲ್ಲಿ ಸುಲಭವಾಗಿ ಆವಿಯಾಗದು. ಆದುದರಿಂದ ಪೆಟ್ರೋಲಿನಿಂದ ಹೊರಡಿಸಿ, ಎಂಜಿನ್ನು ಕಾದ ಮೇಲೆ ಸೀಮೆಎಣ್ಣೆಗೆ ತಿರುಗಿಸುತ್ತಾರೆ. ನಿಲ್ಲಿಸುವ ಮೊದಲು ಮತ್ತೆ ಪೆಟ್ರೋಲಿಗೆ ತಿರುಗಿಸುತ್ತಾರೆ.

ಮೋಟಾರಿನ ಬೇಡಿಕೆ ಏರುತ್ತ ಹೋಯಿತು. ಜಾಹೀರಾತುಗಳನ್ನು ಬರೆದವಳು ಬೆಸ್. ಹುಟ್ಟನ್ನು ಬಿಸಾಡಿ ಮೋಟಾರು ಕಟ್ಟಿಕೊಳ್ಳಿರೆಂದು ಜನರನ್ನು ಒಲಿಸುವ ಅವಳ ಬರವಣಿಗೆಯಿಂದ ಪತ್ರಗಳು ರಾಶಿರಾಶಿಯಾಗಿ ಬಂದವು. ನ್ಯೂಯಾರ್ಕಿನ ರಫ್ತು ವ್ಯಾಪಾರಿಯೊಬ್ಬನ ಮೂಲಕ ಮೋಟಾರುಗಳು ಸ್ಕಾಂಡಿನೇವಿಯದ ಬೆಸ್ತರಿಗೂ ತಲಪಿದವು. ಬಡತನದಿಂದ ಬಿಟ್ಟುಬಂದ ನಾಡಿಗೆ ಓಲೆಯ ಕೈಕೆಲಸ ಹೀಗೆ ಮರಳಿ ಹೋಯಿತು. ಕ್ರಿಸ್ ಮೇಯರ್ ಎಂಬ ಹಣವಂತ ಪಾಲುಗಾರನಾಗಿ ಸೇರಿದನು. ಕಾರ್ಖಾನೆ ಬೆಳೆಯಿತು, ಆದರೆ ಬೆಸ್‌ಳ ಆರೋಗ್ಯ ಕುಸಿಯಿತು. ಮನೆ, ಮಗು, ಕಚೇರಿ ಮೂರನ್ನೂ ಹೊತ್ತ ಆಕೆ ಹಾಸಿಗೆ ಹಿಡಿಯುವ ಸ್ಥಿತಿಗೆ ಬಂದಳು.

ಓಲೆಯ ಮುಂದೆ ಎರಡು ದಾರಿಗಳಿದ್ದವು. ಕೈಗೆ ಬಂದ ಉದ್ಯಮವನ್ನು ಬಿಗಿಯಾಗಿ ಹಿಡಿದುಕೊಳ್ಳುವುದು ಒಂದು, ಹೆಂಡತಿಯನ್ನು ಉಳಿಸಿಕೊಳ್ಳುವುದು ಇನ್ನೊಂದು. 1914ರಲ್ಲಿ ಅವನು ತನ್ನ ಪಾಲನ್ನೆಲ್ಲ ಮೇಯರನಿಗೆ ಮಾರಿಬಿಟ್ಟನು. ಐದು ವರ್ಷಗಳ ಕಾಲ ಔಟ್‌ಬೋರ್ಡ್ ಮೋಟಾರಿನ ಉದ್ಯಮಕ್ಕೆ ಕಾಲಿಡುವುದಿಲ್ಲವೆಂದು ಒಪ್ಪಂದವನ್ನೂ ಮಾಡಿಕೊಟ್ಟನು. ಮಾರಾಟವಾದುದು ಕಾರ್ಖಾನೆ ಮಾತ್ರವಲ್ಲ, ಅವನ ಹೆಸರು ಕೂಡ. ಎವಿನ್ರೂಡ್ ಎಂಬ ಮುದ್ರೆಯೊತ್ತಿದ ಮೋಟಾರುಗಳು ಅಂದಿನಿಂದ ಮತ್ತೊಬ್ಬನ ಸ್ವತ್ತಾದವು. ಓಲೆ, ಬೆಸ್ ಮತ್ತು ಮಗ ರಾಲ್ಫ್ ಕಾರಿನಲ್ಲಿಯೂ ದೋಣಿಯಲ್ಲಿಯೂ ದೇಶ ಸುತ್ತಿದರು. ಬೆಸ್ ಚೇತರಿಸಿಕೊಂಡಳು.

ಕೈ ಸುಮ್ಮನಿದ್ದರೂ ಓಲೆಯ ತಲೆ ಸುಮ್ಮನಿರಲಿಲ್ಲ. ಮೊದಲ ಮೋಟಾರಿನ ಬೀಡುಕಬ್ಬಿಣ, ಹಿತ್ತಾಳೆಗಳ ಭಾರ ಅವನನ್ನು ಕಾಡುತ್ತಿತ್ತು. ಗಡುವು ಮುಗಿಯುವ ವೇಳೆಗೆ ಅವನು ಹೊಸ ಮೋಟಾರೊಂದನ್ನು ರಚಿಸಿದ್ದನು. ಅದರಲ್ಲಿ ಅಲ್ಯೂಮಿನಿಯಂ ಹೇರಳವಾಗಿತ್ತು, ಸಿಲಿಂಡರುಗಳು ಎರಡು. ಎರಡು ಪಿಸ್ಟನ್ನುಗಳೂ ಎದುರುಬದುರಾಗಿ ಚಲಿಸುವುದರಿಂದ ಒಂದರ ಅದುರುವಿಕೆಯನ್ನು ಇನ್ನೊಂದು ತಗ್ಗಿಸುತ್ತಿತ್ತು. ತೂಕ 48 ಪೌಂಡು, ಶಕ್ತಿ ಮೂರು ಅಶ್ವಶಕ್ತಿ. ಅಂದರೆ ಹಳೆಯದಕ್ಕಿಂತ 14 ಪೌಂಡು ಹಗುರ, ಬಲದಲ್ಲಿ ಇಮ್ಮಡಿ. ಹಳೆಯ ಪಾಲುಗಾರನ ಮೇಲಣ ವಿಶ್ವಾಸದಿಂದ ಓಲೆ ಅದನ್ನು ಮೊದಲು ಮೇಯರನಿಗೇ ತೋರಿಸಿದನು. ಮೇಯರ್ ಬೇಡವೆಂದನು. ವ್ಯಾಪಾರದ ಇತಿಹಾಸದಲ್ಲಿ ಇಷ್ಟು ದುಬಾರಿಯಾದ ನಿರಾಕರಣೆಗಳು ಅಪರೂಪ.

ಗಂಡ ಹೆಂಡಿರು ಮತ್ತೆ ಮೊದಲಿನಿಂದ ಆರಂಭಿಸಿದರು. ಆದರೆ ಹೊಸ ಮೋಟಾರಿಗೆ ತಮ್ಮ ಹೆಸರನ್ನೇ ಇಡುವಂತಿರಲಿಲ್ಲ. ಎವಿನ್ರೂಡನ ಹಗುರವಾದ ಜೋಡಿ ಸಿಲಿಂಡರಿನ ಔಟ್‌ಬೋರ್ಡ್ ಎಂಬ ಅರ್ಥ ಕೊಡುವ ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಬೆಸ್ ಎಲ್ಟೊ ಎಂಬ ಹೆಸರನ್ನು ಕಟ್ಟಿದಳು. 1921ರಲ್ಲಿ ಎಲ್ಟೊ ಪೇಟೆಗೆ ಬಂತು. ಒಂದೆರಡು ವರ್ಷಗಳಲ್ಲಿಯೇ ಅದು ಎವಿನ್ರೂಡ್ ಮುದ್ರೆಯ ಹಳೆಯ ಮೋಟಾರುಗಳನ್ನು ಹಿಂದೆ ಹಾಕಿತು. ಓಲೆ ತನ್ನ ಹೆಸರಿನೊಡನೆಯೇ ಸ್ಪರ್ಧಿಸಿ ಗೆದ್ದನು. ಅಷ್ಟರಲ್ಲಿ ಜಾನ್ಸನ್ ಸೋದರರು 35 ಪೌಂಡು ತೂಕದ, ಇನ್ನೂ ಹಗುರವಾದ ಮೋಟಾರನ್ನು ಹೊರತಂದು ಅವನಿಗೆ ಬಲವಾದ ಎದುರಾಳಿಗಳಾದರು. ಇದಕ್ಕೆ ಓಲೆ ಕೊಟ್ಟ ಉತ್ತರ ನಾಲ್ಕು ಸಿಲಿಂಡರಿನ ಎಲ್ಟೊ ಕ್ವಾಡ್. ಅದು 1928ರಲ್ಲಿ ಬಂತು. 1929ರಲ್ಲಿ ಎಲ್ಟೊ, ಎವಿನ್ರೂಡ್ ಮತ್ತು ಲಾಕ್‌ವುಡ್ ಎಂಬ ಮೂರು ಸಂಸ್ಥೆಗಳು ಒಂದಾದವು. ಇದರಲ್ಲಿ ಸ್ಟೀಫನ್ ಬ್ರಿಗ್ಸ್ ಎಂಬ ಉದ್ಯಮಿಯ ಕೈ ಪ್ರಮುಖವಾಗಿತ್ತು. ಒಂದಾದ ಸಂಸ್ಥೆಯ ಅಧ್ಯಕ್ಷನಾದವನು ಓಲೆ. ಹದಿನೈದು ವರ್ಷಗಳ ಬಳಿಕ ಅವನ ಹೆಸರು ಅವನಲ್ಲಿಗೆ ಮರಳಿತು.

ಅದೇ ವರ್ಷ ಅಮೆರಿಕದ ಷೇರುಪೇಟೆ ಕುಸಿಯಿತು. ಅನ್ನಕ್ಕೇ ಪರದಾಡುವ ದಿನಗಳಲ್ಲಿ ದೋಣಿಯ ಮೋಟಾರನ್ನು ಕೊಳ್ಳುವವರು ಯಾರು? ಓಲೆಯ ಕೊನೆಯ ವರ್ಷಗಳು ಸಂಸ್ಥೆಯನ್ನು ಮುಳುಗಗೊಡದೆ ಹಿಡಿದಿಡುವುದರಲ್ಲಿಯೇ ಕಳೆದವು. 1933ರಲ್ಲಿ ಬೆಸ್ ತೀರಿಕೊಂಡಳು. ಮರುವರ್ಷ, 1934ರ ಜುಲೈ 12ರಂದು, ಮಿಲ್ವಾಕಿಯಲ್ಲಿ ಓಲೆಯೂ ಕಣ್ಮುಚ್ಚಿದನು. ಆಗ ಅವನಿಗೆ 57 ವರ್ಷ.

ಸಂಸ್ಥೆಯ ಹೊಣೆ ಮಗ ರಾಲ್ಫನ ಹೆಗಲಿಗೆ ಬಂತು. 1936ರಲ್ಲಿ ಎದುರಾಳಿಯಾದ ಜಾನ್ಸನ್ ಸಂಸ್ಥೆಯೂ ಇದರೊಳಗೆ ಸೇರಿತು. ಈ ಕೂಟ ಹಲವು ದಶಕಗಳ ಕಾಲ ಲೋಕದ ಔಟ್‌ಬೋರ್ಡ್ ಮೋಟಾರುಗಳ ದೊಡ್ಡ ತಯಾರಕರಲ್ಲಿ ಒಂದಾಗಿ ಬಾಳಿ, 2000ದ ಡಿಸೆಂಬರಿನಲ್ಲಿ ದಿವಾಳಿಯಾಯಿತು. ಮರುವರ್ಷ ಕೆನಡ ದೇಶದ ಬೊಂಬಾರ್ಡಿಯರ್ ಸಂಸ್ಥೆ ಎವಿನ್ರೂಡ್ ಮುದ್ರೆಯನ್ನು ಕೊಂಡಿತು. 2020ರಲ್ಲಿ ಆ ಹೆಸರಿನ ಮೋಟಾರುಗಳ ತಯಾರಿಕೆ ನಿಂತಿತು. ಹಳೆಯವು ಇನ್ನೂ ಅನೇಕ ಸರೋವರಗಳಲ್ಲಿ, ಹಿನ್ನೀರುಗಳಲ್ಲಿ ಓಡುತ್ತಿವೆ.